ಗಾರೆ ಕಳಚಿದ ಇಗರ್ಜಿ: ಹಳೆ ಗೋವಾಕ್ಕೆ ಹೊರಟ ಮಲೆನಾಡಿನವರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಗೋವಾಕ್ಕೆ ಹೊರಡುವ ಟೂರಿಸ್ಟ್ ಬಸ್ಸುಗಳ ಪಟ್ಟಿಯಲ್ಲಿ ಪೋರ್ಚುಗೀಸರ ಹಿಂದಿನ ರಾಜಧಾನಿ ಹಳೆ ಗೋವಾಕ್ಕೆ ಸಿಗುವುದು ಬಹಳವೆಂದರೆ ಮುಕ್ಕಾಲು ಗಂಟೆ. ಬೆಳಿಗ್ಗೆ ಮಂಗೇಶಿ, ಶಾಂತಾದುರ್ಗಾ ದೇವಸ್ಥಾನ. ಊಟಕ್ಕೆ ಮುಂಚೆ ‘ಚರ್ಚು’. ಸಂಜೆ ಬೀಚು, ದೋಣಿ. ಬಸ್ಸು ನಿಲ್ಲುತ್ತದೆ, ಡ್ರೈವರ್ ವಾಪಸಾಗಬೇಕಾದ ಹೊತ್ತು ಕೂಗಿ ಹೇಳುತ್ತಾನೆ, ಜನ ಸಾಲಾಗಿ ಒಂದು ಕೆಂಪು ಕಟ್ಟಡದೊಳಗೆ ಹೋಗುತ್ತಾರೆ. ಎತ್ತರದಲ್ಲಿಟ್ಟ ಬೆಳ್ಳಿ ಪೆಟ್ಟಿಗೆಯನ್ನು ಕತ್ತೆತ್ತಿ ನೋಡಿ, ‘ದೇಹ ಕಾಣ್ಸೋದೇ ಇಲ್ವಲ್ಲ’ ಎಂದು ಗೊಣಗಿ, ಪಕ್ಕದ ಬಾಗಿಲಿಂದ ಹೊರಬೀಳುತ್ತಾರೆ. ರಸ್ತೆಯಾಚೆ ಬೆಳ್ಳಗೆ ಹೊಳೆಯುವ ದೊಡ್ಡ ಇಗರ್ಜಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಒಳಗೆ ಹೋಗುವುದಿಲ್ಲ. ಅಲ್ಲಿಗೆ ಮುಗಿಯಿತು.

ಒಂದು ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ. ರಸ್ತೆಯ ಈಚೆಯದು ಕೆಂಪು, ಆಚೆಯದು ಬಿಳಿ. ಎರಡಕ್ಕೂ ಹಾಕಿರುವುದು ಅದೇ ಕಲ್ಲು, ಎರಡರ ಮೇಲೂ ಬೀಳುವುದು ಅದೇ ಮಳೆ. ಹಾಗಾದರೆ ಬಣ್ಣ ಬೇರೆ ಏಕೆ? ಬೇರೆ ಸೀಮೆಯವರು ಕೇಳದಿದ್ದರೆ ಇರಲಿ. ಜಂಬಿಟ್ಟಿಗೆ ಗೋಡೆಯ ಮನೆಯಲ್ಲಿ ಹುಟ್ಟಿ, ಮಳೆಗಾಲಕ್ಕೆ ಮುಂಚೆ ಅದಕ್ಕೆ ಸೋಗೆ ತಟ್ಟಿ ಕಟ್ಟುವುದನ್ನು ನೋಡಿ ಬೆಳೆದವರು ಕೇಳಲೇಬೇಕು. ಹಳೆ ಗೋವಾದ ಅರ್ಧ ಕತೆ ಆ ಗೋಡೆಯಲ್ಲೇ ಇದೆ, ಅದನ್ನು ಓದುವ ಕಣ್ಣು ನಮಗೆ ಮೊದಲೇ ಇದೆ.

ಕಲ್ಲು ನಮ್ಮದೇ

ಕೆಂಪಗಿರುವುದು ಬೊಮ್ ಜೀಸಸ್ ಬೆಸಿಲಿಕಾ. ಜೆಸ್ವಿಟರು ಎಂಬ ಕೆಥೊಲಿಕ್ ಸನ್ಯಾಸಿ ಸಂಘದವರು 1594ರಲ್ಲಿ ಅಡಿಗಲ್ಲು ಹಾಕಿ 1605ರಲ್ಲಿ ಪ್ರತಿಷ್ಠೆ ಮಾಡಿದ್ದು. ಬೆಳ್ಳಗಿರುವುದು ಸೆ ಕೆಥೆಡ್ರಲ್, 1562ರಲ್ಲಿ ಶುರುವಾಗಿ 1619ರಲ್ಲಿ ಕಟ್ಟಡ ಮುಗಿಯಿತು, ಒಳಗಿನ ಬಲಿಪೀಠಗಳಿಗೆ ಇನ್ನೂ ಮೂವತ್ತು ವರ್ಷ ಹಿಡಿಯಿತು. ಈಗ ನೋಡಿದರೆ ಒಂದನ್ನು ಕೆಂಪಾಗಿ, ಇನ್ನೊಂದನ್ನು ಬಿಳಿಯಾಗಿ ಕಟ್ಟಿದ ಹಾಗೆ ತೋರುತ್ತದೆ. ಅದು ನಿಜವಲ್ಲ. ಬೊಮ್ ಜೀಸಸ್‌ಗೂ ಮುನ್ನೂರೈವತ್ತು ವರ್ಷ ಗಾರೆಯಿತ್ತು, ಸುಣ್ಣವಿತ್ತು. 1950ರ ದಶಕದಲ್ಲಿ, ಇನ್ನೂ ಪೋರ್ಚುಗೀಸರ ಆಳ್ವಿಕೆಯಿರುವಾಗಲೇ, ಬಾಲ್ತಜಾರ್ ಕಾಸ್ತ್ರೊ ಎಂಬ ಪೋರ್ಚುಗೀಸ್ ಸಂರಕ್ಷಣಾ ತಜ್ಞ ಕಟ್ಟಡಕ್ಕೆ ಹಳೆಯ ಕಳೆ ಬರಲೆಂದು ಹೊರಗಿನ ಗಾರೆಯನ್ನೆಲ್ಲ ಕೆತ್ತಿಸಿದ. ಕಳೆಯೇನೋ ಬಂತು. ಪೋಸ್ಟ್‌ಕಾರ್ಡು, ಕ್ಯಾಲೆಂಡರು, ಟೂರಿಸಂ ಜಾಹೀರಾತು ಎಲ್ಲದರಲ್ಲೂ ಈಗ ಆ ಕೆಂಪೇ ಗೋವಾದ ಗುರುತು. ಜೊತೆಗೆ ಮಳೆಯೂ ನೇರವಾಗಿ ಕಲ್ಲಿಗೇ ಬಂತು.

ಜಂಬಿಟ್ಟಿಗೆ ಎಂಥ ಕಲ್ಲು ಎಂಬುದನ್ನು ಹೊಸನಗರದ ಗಾರೆ ಕೆಲಸದವರಿಗೆ ಹೇಳಿಕೊಡಬೇಕಾಗಿಲ್ಲ. ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ, ಕೊಡಲಿ ಏಟಿಗೆ ಬೇಕಾದ ಅಳತೆಗೆ ಬರುತ್ತದೆ. ಗಾಳಿ ಬಿಸಿಲಿಗೆ ಬಿದ್ದು ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಕಬ್ಬಿಣದ ಅಂಶ ಅದರ ಅಂಟು. ಆದರೆ ಕಲ್ಲಿನ ಮೈತುಂಬ ಸಣ್ಣ ಸಣ್ಣ ಕೊಳವೆ, ಗೂಡು. ಅವುಗಳಲ್ಲಿ ತುಂಬಿರುವುದು ಬಿಳಿ, ಹಳದಿ ಜೇಡಿ. ಮಳೆನೀರು ವರ್ಷವಿಡೀ ಹರಿದರೆ ಮೊದಲು ತೊಳೆದುಹೋಗುವುದು ಆ ಜೇಡಿ. ಆಮೇಲೆ ಗೂಡು ದೊಡ್ಡದಾಗುತ್ತದೆ, ಅದರಲ್ಲಿ ನೀರು ನಿಲ್ಲುತ್ತದೆ, ಪಾಚಿ ಕೂರುತ್ತದೆ, ಗಿಡದ ಬೇರು ಇಳಿಯುತ್ತದೆ, ಕಲ್ಲಿನ ಅಂಚು ಉದುರುತ್ತದೆ. ಗೋವಾದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3000 ಮಿಲಿಮೀಟರ್ ಮಳೆ. ಆಗುಂಬೆಯ 7000 ಮಿಲಿಮೀಟರ್ ಕಂಡವರಿಗೆ ಇದು ಸಣ್ಣ ಮಳೆ ಅನ್ನಿಸಬಹುದು, ಆದರೆ ಅಲ್ಲಿ ಗಾಳಿ ಸಮುದ್ರದ ಕಡೆಯಿಂದ ಅಡ್ಡಡ್ಡ ಬೀಸುತ್ತದೆ, ಬೊಮ್ ಜೀಸಸ್‌ನ ಮುಖ ಪಡುವಣಕ್ಕೇ ಇದೆ.

ಮುಂಭಾಗದ ಎದುರು ಹತ್ತು ನಿಮಿಷ ನಿಲ್ಲಿ. ಕಂಬ, ಕಿಟಕಿಯ ಚೌಕಟ್ಟು, ಮೇಲ್ಗಡೆಯ ಐ ಎಚ್ ಎಸ್ (ಯೇಸುವಿನ ಹೆಸರನ್ನು ಸೂಚಿಸುವ ಅಕ್ಷರಗಳು) ಲಾಂಛನದ ಕೆತ್ತನೆ ಬೂದುಗಪ್ಪು ಕಲ್ಲಿನವು. ಅದು ಬಸಾಲ್ಟ್, ಮುಂಬೈ ಹತ್ತಿರದ ವಸಾಯಿ ಕಡೆಯಿಂದ ಹಡಗಿನಲ್ಲಿ ತಂದದ್ದು. ಅಂಚು ಇವತ್ತಿಗೂ ಚೂಪಾಗಿಯೇ ಇದೆ. ಅದರ ಪಕ್ಕದಲ್ಲೇ ಇರುವ ಜಂಬಿಟ್ಟಿಗೆ ತೂತುತೂತಾಗಿದೆ, ಮೂಲೆಗಳು ದುಂಡಗಾಗಿವೆ, ಕೆಲವು ಕಲ್ಲು ಒಳಕ್ಕೆ ಸರಿದ ಹಾಗಿವೆ. ಆಮೇಲೆ ರಸ್ತೆ ದಾಟಿ ಸೆ ಕೆಥೆಡ್ರಲ್‌ನ ಗೋಡೆ ನೋಡಿ. ಅದೇ ಜಂಬಿಟ್ಟಿಗೆ ಸುಣ್ಣದ ಗಾರೆಯ ಒಳಗೆ ಬೆಚ್ಚಗೆ ಕೂತಿದೆ.

ಗಾರೆಯ ಗುಟ್ಟೇನೂ ದೊಡ್ಡದಲ್ಲ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಅರಳಿಸಿದ ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ಒಂದು ಪಾಲಿಗೆ ಎರಡೋ ಮೂರೋ ಪಾಲು ಮರಳು ಸೇರಿಸಿ ಅರೆದು, ತೆಳ್ಳಗೆ ಪದರ ಪದರವಾಗಿ ಬಳಿಯಬೇಕು. ಒಂದು ಪದರ ಸರಿಯಾಗಿ ಹಿಡಿಯದೆ ಇನ್ನೊಂದು ಹಾಕಿದರೆ ಬಿರುಕು ಬಿಡುತ್ತದೆ. ಬಿಸಿಲಿಗೆ ಬೇಗ ಒಣಗಿಸಿದರೆ ಪುಡಿಯಾಗುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ: ಗೋಡೆಯೊಳಗೆ ಸೇರಿದ ತೇವ ಹೊರಗೆ ಹೋಗಲು ದಾರಿ ಕೊಡುತ್ತದೆ, ಸವೆಯುವುದಿದ್ದರೆ ತಾನು ಸವೆದು ಕಲ್ಲನ್ನು ಉಳಿಸುತ್ತದೆ. ಅದಕ್ಕೇ ಮಳೆಗಾಲ ಮುಗಿದ ಕೂಡಲೇ ವರ್ಷವರ್ಷ ಸುಣ್ಣ ಹೊಡೆಯುವ ರೂಢಿ. ಅದರ ಬದಲು ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು, ಒಂದು ದಿನ ಸಿಮೆಂಟಿನ ಪದರ ಕಲ್ಲಿನ ಚರ್ಮ ಸಮೇತ ಕಳಚಿ ಬೀಳುತ್ತದೆ. ಮಲೆನಾಡಿನ ಎಷ್ಟು ಹಳೆ ಮನೆಗಳು ‘ರಿಪೇರಿ’ ಮಾಡಿಸಿದ ಮೇಲೆಯೇ ಹಾಳಾದವು ಎಂಬುದಕ್ಕೆ ಲೆಕ್ಕವಿಲ್ಲ.

ಬೊಮ್ ಜೀಸಸ್‌ಗೆ ಮತ್ತೆ ಗಾರೆ ಮಾಡಬೇಕೆಂದು ಕೇಳುವವರಿದ್ದಾರೆ, ಕೆಂಪು ಮುಖವೇ ಚೆಂದ, ಹಾಗೇ ಇರಲಿ ಅನ್ನುವವರೂ ಇದ್ದಾರೆ. ನನ್ನ ಒಲವು ಗಾರೆಯ ಕಡೆಗೆ. ಎಪ್ಪತ್ತು ವರ್ಷದ ಚೆಂದಕ್ಕಾಗಿ ನಾನೂರು ವರ್ಷದ ಗೋಡೆಯನ್ನು ಮಳೆಗೆ ಕೊಡುವುದು ಯಾವ ಲೆಕ್ಕ? ಕೆಲಸ ಸುಲಭ ಎಂದಲ್ಲ. ಗಾರೆಗೆ ಒಣ ಕಾಲ ಬೇಕು, ಅಂದರೆ ನವೆಂಬರಿನಿಂದ ಏಪ್ರಿಲ್. ಹಬ್ಬ, ಅದಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯಾದ ನೊವೆನಾ, ಯಾತ್ರಿಕರು, ಪ್ರವಾಸಿಗರು ಎಲ್ಲ ಬರುವುದೂ ಅದೇ ತಿಂಗಳುಗಳಲ್ಲಿ.

ಪೆಟ್ಟಿಗೆಯ ಮುಂದೆ

ಬೊಮ್ ಜೀಸಸ್‌ನ ಬೆಳ್ಳಿ ಪೆಟ್ಟಿಗೆಯಲ್ಲಿರುವುದು ಜೆಸ್ವಿಟ್ ಮಿಷನರಿ ಸಂತ ಫ್ರಾನ್ಸಿಸ್ ಕ್ಸೇವಿಯರ್‌ನ ದೇಹ. ಅವನು ಗೋವಾಕ್ಕೆ ಬಂದದ್ದು 1542ರ ಮೇ ತಿಂಗಳಲ್ಲಿ, ತೀರಿಕೊಂಡದ್ದು ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ, 1552ರ ಡಿಸೆಂಬರ್ 3ರಂದು. ಎಲುಬು ಮಾತ್ರ ಒಯ್ಯಲು ಅನುಕೂಲವಾಗಲಿ, ಮಾಂಸ ಬೇಗ ಕರಗಲಿ ಎಂದು ಶವಪೆಟ್ಟಿಗೆಗೆ ಸುಣ್ಣ ತುಂಬಿ ಹೂತಿದ್ದರು. ತಿಂಗಳುಗಳ ಮೇಲೆ ತೆಗೆದು ನೋಡಿದಾಗ ದೇಹ ಕೆಟ್ಟಿರಲಿಲ್ಲ ಎಂಬುದು ಪರಂಪರೆ ಹೇಳುವ ಮಾತು. ಮಲಕ್ಕಾದಲ್ಲಿ ಸ್ವಲ್ಪ ಕಾಲ ಇದ್ದು 1554ರ ಮಾರ್ಚಿನಲ್ಲಿ ಗೋವಾ ಸೇರಿತು. 1614ರಲ್ಲಿ ಬಲಗೈಯ ಭಾಗವನ್ನು ಕತ್ತರಿಸಿ ರೋಮಿಗೆ ಕಳಿಸಿದರು. ಅಲ್ಲಿನ ಜೆಸು ಇಗರ್ಜಿಯಲ್ಲಿ ಅದು ಇವತ್ತಿಗೂ ಇದೆ. 1622ರಲ್ಲಿ ಸಂತಪದವಿ.

ಬೆಳ್ಳಿ ಪೆಟ್ಟಿಗೆ 1630ರ ದಶಕದ ಗೋವಾದ ಅಕ್ಕಸಾಲಿಗರ ಕೆಲಸ, ಸಂತನ ಬದುಕಿನ ಪ್ರಸಂಗಗಳನ್ನು ಅದರ ತಗಡುಗಳ ಮೇಲೆ ಉಬ್ಬಿಸಿದ್ದಾರೆ. ಅದನ್ನು ಹೊತ್ತಿರುವ ಅಮೃತಶಿಲೆಯ ಪೀಠವೇ ಬೇರೆ: ತಸ್ಕನಿಯ ದೊರೆ ಮೂರನೆಯ ಕೋಸಿಮೊ ಕೊಟ್ಟ ಕಾಣಿಕೆ. ಫ್ಲಾರೆನ್ಸಿನ ಶಿಲ್ಪಿ ಫೊಜ್ಜೀನಿ ಹತ್ತು ವರ್ಷ ಕೆತ್ತಿ ಕಳಿಸಿದ್ದನ್ನು 1698ರಲ್ಲಿ ಇಲ್ಲಿ ಜೋಡಿಸಿದರು. ಇಟಲಿಯ ಶಿಲೆಯ ಮೇಲೆ ಕೊಂಕಣದ ಬೆಳ್ಳಿ. ಇಷ್ಟು ಗೊತ್ತಿದ್ದರೆ ‘ದೇಹ ಕಾಣಲಿಲ್ಲ’ ಎಂಬ ಬೇಸರ ಅರ್ಧ ಕಡಿಮೆಯಾಗುತ್ತದೆ. ಪೆಟ್ಟಿಗೆಯನ್ನು ಎತ್ತರಕ್ಕೆ ಏರಿಸಿರುವುದರಿಂದ ಬುಡದಲ್ಲಿ ನಿಂತರೆ ತಳ ಮಾತ್ರ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಓರೆಯಾಗಿ ನೋಡಬೇಕು. ಹಕ್ಕಿ ನೋಡುವ ಬೈನಾಕ್ಯುಲರ್ ಇದ್ದರೆ ಸಂಕೋಚಪಡದೆ ತನ್ನಿ, ಪೀಠದ ಕಂಚಿನ ಫಲಕಗಳಿಗೂ ಅದು ಬೇಕಾಗುತ್ತದೆ.

ದೇಹವನ್ನು ಜನರ ದರ್ಶನಕ್ಕೆ ಕೆಳಗಿಳಿಸುವುದು ಹತ್ತು ವರ್ಷಕ್ಕೊಮ್ಮೆ. ಆಗ ಮೆರವಣಿಗೆಯಲ್ಲಿ ಸೆ ಕೆಥೆಡ್ರಲ್‌ಗೆ ತಂದಿಡುತ್ತಾರೆ. ಹೋದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು; ಆ ಲೆಕ್ಕದಲ್ಲಿ ಮುಂದಿನದು 2034ಕ್ಕೆ. ವರ್ಷವರ್ಷದ ಹಬ್ಬ ಡಿಸೆಂಬರ್ 3ಕ್ಕೆ, ಅದಕ್ಕೆ ಮುಂಚೆ ನವೆಂಬರ್ 24ರಿಂದ ಒಂಬತ್ತು ದಿನ ನೊವೆನಾ. ನಸುಕಿನಿಂದಲೇ ಬಲಿಪೂಜೆಗಳು (ಇಗರ್ಜಿಯ ‘ಮಾಸ್’) ಶುರು, ಒಳಗೆ ಜಾಗ ಸಾಲದೆ ಹೊರಗಿನ ಚಪ್ಪರದಲ್ಲಿ ನಡೆಯುತ್ತವೆ. ಸಾವಂತವಾಡಿ ಕಡೆಯಿಂದ ನಡೆದೇ ಬರುವವರಿದ್ದಾರೆ. ಬೀದಿಯುದ್ದಕ್ಕೂ ಅಂಗಡಿ, ಶುಂಠಿ ಬೆಲ್ಲ ಸುತ್ತಿದ ಖಾಜೆ, ಹುರಿಗಡಲೆ, ಮೇಣದಬತ್ತಿ. ಮೇಣದಲ್ಲೇ ಮಾಡಿದ ಕೈ, ಕಾಲು, ಮಗುವಿನ ಗೊಂಬೆ ಕೂಡ ಸಿಗುತ್ತವೆ: ನಮ್ಮ ದೇವಸ್ಥಾನಗಳಲ್ಲಿ ಹರಕೆಗೆ ಬೆಳ್ಳಿಯ ಕಣ್ಣು, ಕಾಲು ಒಪ್ಪಿಸುವ ಹಾಗೆಯೇ. ಕೊಳ್ಳುವವರಲ್ಲಿ ಕುಂಕುಮವಿಟ್ಟ ಹೆಂಗಸರೂ ಇರುತ್ತಾರೆ. ಕೊಂಕಣಿಗರ ಬಾಯಲ್ಲಿ ಈ ಸಂತ ‘ಗೊಂಯ್ಚೊ ಸಾಯ್ಬ್’, ಗೋವೆಯ ಯಜಮಾನ.

ಹಬ್ಬ ನೋಡಬೇಕೆಂದರೆ ನೊವೆನಾದ ನಡುವಿನ ಯಾವುದಾದರೂ ವಾರದ ದಿನ ಹೋಗುವುದು ಮೇಲು. ಡಿಸೆಂಬರ್ 3ರಂದೇ ಹೋದರೆ ವಾಹನವನ್ನು ದೂರದಲ್ಲೇ ತಡೆಯುತ್ತಾರೆ, ನಡೆಯಬೇಕು, ಸಾಲು ಉದ್ದ, ವಯಸ್ಸಾದವರಿಗೆ ಕಷ್ಟ. ಕಟ್ಟಡ ನೋಡುವುದೇ ಮುಖ್ಯವಾದರೆ ಜನವರಿ ಕೊನೆಯಿಂದ ಮಾರ್ಚ್. ಭಾನುವಾರ ಬೆಳಿಗ್ಗೆಯ ಪೂಜೆಗಳು ಮುಗಿಯುವವರೆಗೆ ನೋಡುಗರನ್ನು ಒಳಗೆ ಬಿಡುವುದಿಲ್ಲ, ಅದು ಸರಿಯಾದದ್ದೇ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬೀಚಿನಿಂದ ನೇರ ಚಡ್ಡಿಯಲ್ಲಿ ಬಂದವರು ಬಾಗಿಲಲ್ಲಿ ವಾದಿಸುವುದನ್ನು ನೋಡಿದರೆ ನಾಚಿಕೆಯಾಗುತ್ತದೆ. ಚಪ್ಪಲಿ ಬಿಡಬೇಕಿಲ್ಲ, ಟೋಪಿ ತೆಗೆಯಬೇಕು. ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಬಹುದು, ಯಾರೂ ಏಳಿಸುವುದಿಲ್ಲ. ಪೂಜೆಯಲ್ಲಿ ಪಾದ್ರಿ ಹಂಚುವ ರೊಟ್ಟಿ, ಅಂದರೆ ಪರಮಪ್ರಸಾದಕ್ಕೆ ಸಾಲು ನಿಂತಾಗ ಮಾತ್ರ ಎದ್ದು ಹೋಗಬೇಡಿ. ಅದು ದೀಕ್ಷೆ ಪಡೆದ ಕೆಥೊಲಿಕರಿಗೆ, ನಮ್ಮ ಕಡೆಯ ತೀರ್ಥಪ್ರಸಾದದ ಅಭ್ಯಾಸದಲ್ಲಿ ಕೈಯೊಡ್ಡಿದರೆ ಕೊಡುವವರಿಗೂ ಮುಜುಗರ.

ಗೋಪುರ ಉಳಿಯಿತು, ಊರು ಹೋಯಿತು

ಬಸ್ಸಿನವರು ತೋರಿಸದ ಜಾಗವೆಂದರೆ ಬೊಮ್ ಜೀಸಸ್‌ನಿಂದ ಪಡುವಣದ ಗುಡ್ಡದ ಮೇಲಿನ ಸಂತ ಆಗಸ್ಟಿನ್ ಗೋಪುರ. ನಡೆದೇ ಹತ್ತು ನಿಮಿಷದೊಳಗೆ ಮುಟ್ಟಬಹುದು. 46 ಮೀಟರ್ ಎತ್ತರದ ಜಂಬಿಟ್ಟಿಗೆಯ ಗೋಪುರದಲ್ಲಿ ಈಗ ನಿಂತಿರುವುದು ಅರ್ಧ ಮಾತ್ರ, ಸುತ್ತ ಛಾವಣಿಯಿಲ್ಲದ ಗೋಡೆಗಳು, ನೆಲದಲ್ಲಿ ಗೋರಿಕಲ್ಲುಗಳು. ಜಂಬಿಟ್ಟಿಗೆ ಕಟ್ಟಡವನ್ನು ಹೇಳುವವರು ಕೇಳುವವರಿಲ್ಲದೆ ಬಿಟ್ಟರೆ ಏನಾಗುತ್ತದೆ, ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಸಿಗದು. 1830ರ ದಶಕದಲ್ಲಿ ಪೋರ್ಚುಗೀಸ್ ಸರ್ಕಾರವೇ ಸನ್ಯಾಸಿ ಸಂಘಗಳನ್ನು ರದ್ದುಮಾಡಿ ಹೊರಗೆ ಹಾಕಿತು. ಮಠ ಖಾಲಿಯಾಯಿತು, ಹೆಂಚು ಸರಿಮಾಡುವವರಿಲ್ಲ, ಗಿಡ ಕೀಳುವವರಿಲ್ಲ. 1842ರಲ್ಲಿ ಇಗರ್ಜಿಯ ಕಮಾನು ಛಾವಣಿ ಕುಸಿಯಿತು. ಹತ್ತು ಮಳೆಗಾಲ ಕೂಡ ತಡೆಯಲಿಲ್ಲ! 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಬಿದ್ದವು. ಅಲ್ಲಿನ ಗಂಟೆಯನ್ನು ಅಷ್ಟರಲ್ಲಿ ಕೆಳಗಿಳಿಸಿದ್ದರು, ಈಗ ಅದು ಪಣಜಿಯ ಮೆಟ್ಟಿಲುಸಾಲಿನ ಇಗರ್ಜಿಯಲ್ಲಿದೆ. ಇರಾನಿನ ಶಿರಾಜ್‌ನಲ್ಲಿ 1624ರಲ್ಲಿ ಕೊಲೆಯಾದ ಜಾರ್ಜಿಯಾದ ರಾಣಿ ಕೇತೆವಾನಳ ಎಲುಬಿನ ತುಂಡನ್ನು ಆಗಸ್ಟಿನ್ ಸನ್ಯಾಸಿಗಳು ಇಲ್ಲಿಗೆ ತಂದಿದ್ದರು. ಉತ್ಖನನದಲ್ಲಿ ಸಿಕ್ಕಿದ ಅದು ಡಿಎನ್‌ಎ ಪರೀಕ್ಷೆಯ ಬಳಿಕ 2021ರಲ್ಲಿ ಜಾರ್ಜಿಯಾಕ್ಕೆ ಮರಳಿತು.

ಊರೇ ಏಕೆ ಖಾಲಿಯಾಯಿತು? ಇದಕ್ಕೂ ಉತ್ತರ ನೆಲದಲ್ಲಿದೆ. ಜಂಬಿಟ್ಟಿಗೆ ನೆಲ ನೀರನ್ನು ಸೋಸುವುದಿಲ್ಲ, ಹಾಗೇ ಬಿಟ್ಟುಕೊಡುತ್ತದೆ. ಬಾವಿಗೂ ಕಕ್ಕಸು ಗುಂಡಿಗೂ ದೂರ ಇರಬೇಕು ಎಂದು ಮಲೆನಾಡಿನಲ್ಲಿ ಹಿರಿಯರು ಒತ್ತಿ ಹೇಳುವುದು ಅದಕ್ಕೇ. ಮಾಂಡೋವಿ ದಂಡೆಯಲ್ಲಿ ಒತ್ತೊತ್ತಾಗಿ ಬೆಳೆದ ರಾಜಧಾನಿಯಲ್ಲಿ ಕೊಳಚೆ ಇಂಗಿ ಬಾವಿಗೇ ಬಂತು. ಕಾಲರಾ, ಜ್ವರ ಮತ್ತೆ ಮತ್ತೆ ಬಡಿದವು. 1695ರಲ್ಲಿ ವೈಸರಾಯ್ ಹತ್ತಿರದ ಪಣೆಲಿಗೆ ಮನೆ ಬದಲಿಸಿದ, 1759ರಲ್ಲಿ ಪಣಜಿಗೆ. 1843ರಲ್ಲಿ ಪಣಜಿ ಅಧಿಕೃತವಾಗಿಯೇ ರಾಜಧಾನಿಯಾಯಿತು. ಇಗರ್ಜಿಗಳು ಉಳಿದವು, ಮನೆಗಳು ಹೋದವು. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಹೀಗೆ ಊರಿಲ್ಲದ ಊರು.

ಸೆ ಕೆಥೆಡ್ರಲ್ ಪಕ್ಕದ ಸಂತ ಫ್ರಾನ್ಸಿಸ್ ಅಸ್ಸೀಸಿ ಮಠದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಶುಕ್ರವಾರ ರಜೆ. ಪೋರ್ಚುಗೀಸ್ ಅಧಿಕಾರಿಗಳ ಸಾಲು ಚಿತ್ರಗಳನ್ನು ಬೇಗ ದಾಟಿ ಕದಂಬರ ಕಾಲದ ವೀರಗಲ್ಲುಗಳ ಮುಂದೆ ನಿಲ್ಲಿ. ಬಳ್ಳಿಗಾವೆಯ ವೀರಗಲ್ಲು ನೋಡಿದವರಿಗೆ ಹೊಸದೇನಲ್ಲ, ಆದರೆ ಇಲ್ಲಿನ ಕೆಲವದರಲ್ಲಿ ಹಡಗಿನ ಯುದ್ಧವಿದೆ.

ಇಕ್ಕೇರಿಯ ದಾರಿ

ಶಿವಮೊಗ್ಗದಿಂದ ಸಾಗರ, ಜೋಗದ ಪಕ್ಕದಲ್ಲಿ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ಕುಮಟಾ, ಕಾರವಾರ, ಮಡಗಾಂವ್: ಒಟ್ಟು ಸುಮಾರು 350 ಕಿಲೋಮೀಟರ್. ಸ್ವಂತ ವಾಹನದಲ್ಲಿ ಇಡೀ ದಿನವೆಂದೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದುಂಟು, ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು. ರೈಲು ಬೇಕೆಂದರೆ ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ. ಬಸ್ಸಿನಲ್ಲಿ ಹೊನ್ನಾವರಕ್ಕೆ ಇಳಿದು ಕೊಂಕಣ ರೈಲು ಹಿಡಿಯಬೇಕು. ಹಳೆ ಗೋವಾಕ್ಕೆ ಹತ್ತಿರದ ನಿಲ್ದಾಣ ಕರ್ಮಲಿ, ಆದರೆ ಅಲ್ಲಿ ಎಲ್ಲ ರೈಲೂ ನಿಲ್ಲುವುದಿಲ್ಲ. ಮಡಗಾಂವ್‌ನಲ್ಲಿ ಇಳಿದರೆ ಪೊಂಡಾ ಅಥವಾ ಪಣಜಿಯಲ್ಲಿ ಬಸ್ ಬದಲಿಸಬೇಕು. ಪಣಜಿ–ಪೊಂಡಾ ಬಸ್ಸುಗಳು ಹಳೆ ಗೋವಾದ ಮೂಲಕವೇ ಓಡಾಡುತ್ತವೆ. ಕುಮಟಾ ದಾಟಿದ ಮೇಲೆ ಹೆದ್ದಾರಿಗೆ ತಾಗಿಯೇ ಇರುವ ಮಿರ್ಜಾನ್ ಕೋಟೆಯಲ್ಲಿ ಅರ್ಧ ಗಂಟೆ ನಿಂತರೆ ಗಾರೆಯಿಲ್ಲದ ಜಂಬಿಟ್ಟಿಗೆಯ ಪಾಠ ಮೊದಲೇ ಆಗಿರುತ್ತದೆ.

ಇದೇ ದಾರಿಯಲ್ಲಿ ಉಲ್ಟಾ ಬಂದವನೊಬ್ಬನಿದ್ದ. 1623ರ ಅಕ್ಟೋಬರಿನಲ್ಲಿ ಗೋವಾದ ವೈಸರಾಯ್ ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿ ಅರಸ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿ ಕಳಿಸಿದಾಗ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅವರ ಜೊತೆ ಹೊರಟ. ಗೋವಾದಿಂದ ಸಮುದ್ರದಲ್ಲಿ ಹೊನ್ನಾವರ, ಶರಾವತಿಯಲ್ಲಿ ದೋಣಿ ಏರಿ ಗೇರುಸೊಪ್ಪೆ, ಅಲ್ಲಿಂದ ಘಾಟಿ ಹತ್ತಿ ಇಕ್ಕೇರಿ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಕೆಲವು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹಾಡುತ್ತ ಲೆಕ್ಕ ಕಲಿಯುವುದನ್ನು ಕಂಡು ನಿಂತ. ಗುರುವಿಲ್ಲದೆ ತಾವೇ ಒಬ್ಬರಿಗೊಬ್ಬರು ಹೇಳಿಕೊಡುವುದು, ಮರಳು ತುಂಬಿದರೆ ಅಳಿಸಿ ಹೊಸದು ಹರಡುವುದು, ಎಲ್ಲವನ್ನೂ ಬರೆದಿಟ್ಟಿದ್ದಾನೆ. ಗೋವಾದ ಚಿನ್ನದ ಬಲಿಪೀಠಗಳನ್ನು ನೋಡಿ ಬಂದವನಿಗೆ ಮಲೆನಾಡಿನ ಮಗ್ಗಿ ಅಷ್ಟು ಹಿಡಿಸಿತ್ತು.

ರಾಯಭಾರ ಸುಮ್ಮನೆ ಅಲ್ಲ. ಮೆಣಸು, ಅದಕ್ಕಿಂತ ಹೆಚ್ಚಾಗಿ ಅಕ್ಕಿ. ಗೋವಾದ ಹೊಟ್ಟೆ ತುಂಬುತ್ತಿದ್ದದ್ದು ಹೊನ್ನಾವರ, ಬಸ್ರೂರು, ಮಂಗಳೂರು ರೇವುಗಳ ಅಕ್ಕಿಯಿಂದ. ಆ ರೇವುಗಳು ಕೆಳದಿಯವರ ಕೈಗೆ ಬಂದ ಮೇಲೆ ಪೋರ್ಚುಗೀಸರು ಕೆಳದಿಯೊಂದಿಗೆ ಕಾದಾಡಿದ್ದೂ ಉಂಟು, ಒಪ್ಪಂದಕ್ಕೆ ಕೂತದ್ದೂ ಉಂಟು. 1678ರಲ್ಲಿ ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲೂ ಅಂಥದೊಂದು ಒಪ್ಪಂದವಾಯಿತು, ಕರಾವಳಿಯಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಸೆ ಕೆಥೆಡ್ರಲ್‌ನಿಂದ ಹೊಳೆ ಕಡೆಗೆ ಇಳಿಯುವ ದಾರಿಯಲ್ಲಿ ವೈಸರಾಯ್ ಕಮಾನಿದೆ. ಹೊಸದಾಗಿ ಬಂದ ವೈಸರಾಯ್‌ಗಳು ಊರೊಳಗೆ ಕಾಲಿಡುತ್ತಿದ್ದದ್ದು ಅದರ ಅಡಿಯಲ್ಲಿ. ನಮ್ಮ ಅಕ್ಕಿ ಬಂದು ಇಳಿಯುತ್ತಿದ್ದದ್ದೂ ಇದೇ ಹೊಳೆಯ ದಂಡೆಯಲ್ಲಿ.

ಮಂಗೇಶಿಯಿಂದ ಬರುವವರಿಗೆ

ಸಾಗರ, ತೀರ್ಥಹಳ್ಳಿಯ ಕೊಂಕಣಿ ಮನೆತನಗಳಿಗೆ ಗೋವಾ ಎಂದರೆ ಮೊದಲು ಕುಲದೇವರು. ಆ ದೇವಸ್ಥಾನಗಳೆಲ್ಲ ಪೊಂಡಾ ತಾಲೂಕಿನಲ್ಲೇ ಏಕೆ ಒತ್ತಾಗಿವೆ ಎಂಬುದಕ್ಕೂ ಹಳೆ ಗೋವಾಕ್ಕೂ ನೇರ ಸಂಬಂಧವಿದೆ. ಮಂಗೇಶ ಮೊದಲಿದ್ದದ್ದು ಕುಶಸ್ಥಳಿಯಲ್ಲಿ, ಶಾಂತಾದುರ್ಗೆ ಕೆಳೋಶಿಯಲ್ಲಿ. ಪೋರ್ಚುಗೀಸರು ದಕ್ಷಿಣ ಗೋವಾದ ಸಾಷ್ಟಿ ಸೀಮೆಯಲ್ಲಿ ದೇವಸ್ಥಾನ ಕೆಡವತೊಡಗಿದಾಗ, 1560ರ ದಶಕದಲ್ಲಿ, ಹೊಳೆ ದಾಟಿಸಿ ಆದಿಲ್‌ಶಾಹಿ ಸೀಮೆಯಾಗಿದ್ದ ಪೊಂಡಾಕ್ಕೆ ಒಯ್ದರು. ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಮತ ತಪ್ಪಿದವರೆಂದು ಜನರನ್ನು ಹಿಡಿದು ಶಿಕ್ಷಿಸುವ ಕೆಥೊಲಿಕ್ ನ್ಯಾಯಮಂಡಳಿ, ಶುರುವಾದದ್ದೂ 1560ರಲ್ಲೇ, ಪೂರ್ತಿ ನಿಂತದ್ದು 1812ರಲ್ಲಿ. ದೇವರ ಜೊತೆ ಕೆಲವರು ಪೊಂಡಾಕ್ಕೆ, ಹಲವರು ದಕ್ಷಿಣಕ್ಕೆ ಬಂದರು. ಆಮೇಲಿನ ವರ್ಷಗಳಲ್ಲಿ ಕ್ರೈಸ್ತರಾಗಿದ್ದ ಕೊಂಕಣಿಗರೂ ಬರ, ಯುದ್ಧ, ತೆರಿಗೆಗೆ ಬೇಸತ್ತು ಅದೇ ದಾರಿ ಹಿಡಿದು ಕೆಳದಿಯವರ ಕರಾವಳಿಯಲ್ಲಿ ಗದ್ದೆ ಮಾಡಿದರು. ಇಂದು ಶಿವಮೊಗ್ಗ ಜಿಲ್ಲೆಯಲ್ಲಿ ಕೊಂಕಣಿ ಮಾತಾಡುವ ಹಿಂದೂ ಮನೆಗಳೂ ಕೆಥೊಲಿಕ್ ಮನೆಗಳೂ ಇರುವುದರ ಹಿಂದೆ ಈ ಎರಡೂ ವಲಸೆಗಳಿವೆ.

1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಹಿಡಿದ. ಆ ಬಿಸಿ ಶಿರಸಿ ಪಕ್ಕದ ಸೋದೆಗೂ ತಟ್ಟಿ ಅಲ್ಲಿನ ಅರಸ ಗೋವಾಕ್ಕೆ ಓಡಿ ಆಶ್ರಯ ಪಡೆದ. ಅಷ್ಟರಲ್ಲಿ ಅವನ ಕೈಗೆ ಬಂದಿದ್ದ ಪೊಂಡಾ ಸೀಮೆ ಪೋರ್ಚುಗೀಸರ ಕೈಸೇರಿತು. ಅಷ್ಟು ಹೊತ್ತಿಗೆ ಕೆಡಹುವ ಕಾಲ ಮುಗಿದಿತ್ತು, ದೇವಸ್ಥಾನಗಳನ್ನು ಮುಟ್ಟುವುದಿಲ್ಲ ಎಂಬ ಮಾತಾಗಿತ್ತು. ಹಾಗಾಗಿ ಮಂಗೇಶಿಯ ದೀಪಸ್ತಂಭ, ಗುಮ್ಮಟ ಇವತ್ತು ನಿಂತಿವೆ. ಅವುಗಳಲ್ಲಿ ಇಗರ್ಜಿಯ ಕಮಾನು, ಕಟಾಂಜನದ ಛಾಯೆ ಎದ್ದು ಕಾಣುತ್ತದೆ. ಸುಣ್ಣಬಣ್ಣ ಮಾತ್ರ ತಪ್ಪದೆ ಆಗುತ್ತಿದೆ.

ಬಸ್ಸಿನವರಲ್ಲಿ ಕೇಳಬೇಕಾದದ್ದು ಒಂದೇ: ಸರದಿ ತಿರುಗಿಸಿ. ಬೆಳಿಗ್ಗೆ ಎಂಟರೊಳಗೆ ಹಳೆ ಗೋವಾ ಮುಟ್ಟಿದರೆ ಬಿಸಿಲೇರುವ ಮುಂಚೆ ಆಗಸ್ಟಿನ್ ಗುಡ್ಡ, ಆಮೇಲೆ ಬೊಮ್ ಜೀಸಸ್, ರಸ್ತೆ ದಾಟಿ ಸೆ, ಮ್ಯೂಸಿಯಂ, ಕಮಾನು, ಎಲ್ಲ ಸೇರಿ ನಾಲ್ಕು ಗಂಟೆ. ಇಗರ್ಜಿಗಳಿಗೆ ಸಂಜೆ ಆರೂವರೆಯ ಹೊತ್ತಿಗೆ ಬಾಗಿಲು. ಮಂಗೇಶಿಯಲ್ಲಿ ರಾತ್ರಿಯವರೆಗೂ ದರ್ಶನವಿದೆ, ಇಪ್ಪತ್ತು ಚಿಲ್ಲರೆ ಕಿಲೋಮೀಟರೊಳಗಿನ ದಾರಿ. ಊಟ ಮುಗಿಸಿ, ಸ್ವಲ್ಪ ಒರಗಿ, ಆರಾಮಾಗಿ ಹೋಗಬಹುದು.